ಹಂಡೆಯ ಒಲೆಯೂ ಒಬ್ಬ ಪ್ರಾಧ್ಯಾಪಕರೂ

ಬೈಂದೂರಿನ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಬಚ್ಚಲ ಹಂಡೆಯ ನೀರು ಕಾಯುವುದು ಬಹು ನಿಧಾನ. ಒಲೆ ಉರಿಸುವವರ ಕೈಗುಣವನ್ನು ದೂರುವುದು ನಮ್ಮ ವಾಡಿಕೆ, ತಪ್ಪು ಅವರದಲ್ಲ. ಹಸಿ ಕಟ್ಟಿಗೆಯೊಳಗಿನ ಒಂದು ಲೀಟರು ನೀರು ಆವಿಯಾಗಿ ಹೋಗಲು ತಗಲುವ ಶಾಖದಲ್ಲಿ ಹಂಡೆಯ ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟೂ ಶಾಖ ಹೊಗೆಯೊಡನೆ ಮಾಡು ಸೇರಿತೆಂದು ತಿಳಿಯಿರಿ.

ಉಳಿದದ್ದು ಹಂಡೆಗೆ ಮುಟ್ಟುವುದು ಮೂರು ದಾರಿಗಳಿಂದ. ಕೆಂಡವು ತನ್ನ ಕಾವನ್ನು ಎದುರಿಗಿದ್ದುದರ ಮೇಲೆಲ್ಲ ಚೆಲ್ಲುತ್ತದೆ; ಇದು ವಿಕಿರಣ. ಬಿಸಿಗಾಳಿ ತಾನೇ ಹೊತ್ತು ತಂದು ಮುಟ್ಟಿಸುವುದು ಸಂವಹನ. ತಾಮ್ರದ ತಳದೊಳಗೆ ಕಣದಿಂದ ಕಣಕ್ಕೆ ದಾಟುವುದು ವಹನ. (ಕಿರಣ, ವಿಕಿರಣಗಳೆರಡೂ ಚೆಲ್ಲು ಎಂಬರ್ಥದ ಒಂದೇ ಧಾತುವಿನ ಮಕ್ಕಳು. ಪರಿಭಾಷೆ ಕಟ್ಟಿದವರನ್ನು ಮೆಚ್ಚಬೇಕು!) ಮೂರು ಕಲ್ಲಿನ ತೆರೆದ ಒಲೆಯಲ್ಲಿ ಈ ಬಿಸಿಗಾಳಿ ಪಾತ್ರೆಯನ್ನು ಸವರಿ ಓಡಿಬಿಡುತ್ತದೆ. ನೂರು ಪಾಲಿನಲ್ಲಿ ಅಡಿಗೆಗೆ ದಕ್ಕುವುದು ಹತ್ತರ ಆಸುಪಾಸು, ಮಿಕ್ಕದ್ದು ವ್ಯರ್ಥ. ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ಹೊಗೆಯಲ್ಲಿ ಕಣ್ಣೊರಸಿಕೊಂಡು ಕೂತವರನ್ನು ಕೇಳಿದರೆ ಲೆಕ್ಕದ ಅಗತ್ಯವೇ ಇಲ್ಲ.

ಇದನ್ನು ವಿಜ್ಞಾನಿಗಳು ಕೈಹಾಕಬೇಕಾದ ಕೆಲಸವೆಂದು ಎಣಿಸಿದವರಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು ಮುಖ್ಯರು. 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, ವಿದ್ಯುದ್ರಸಾಯನದಲ್ಲಿ ಹೆಸರಾದವರು. ಬಾಕ್ರಿಸರೊಡನೆ ಅವರು ಬರೆದ ಆ ಶಾಸ್ತ್ರದ ಗ್ರಂಥ 1970ರಲ್ಲಿ ಹೊರಬಂದು ಪಠ್ಯವಾಯಿತು. ಅಂಥವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿ, ಸೌದೆ, ಸೆಗಣಿಗಳ ಲೆಕ್ಕಕ್ಕೆ ಇಳಿದರು. ಕಟ್ಟಿದ ಕೀರ್ತಿಯನ್ನು ಬಿಟ್ಟು ಒಲೆಯ ಮುಂದೆ ಕೂರಲು ಎಷ್ಟು ಮಂದಿ ವಿದ್ವಾಂಸರು ಒಪ್ಪಿಯಾರು? 2006ರಲ್ಲಿ ತೀರಿಕೊಳ್ಳುವವರೆಗೂ ಅವರ ಚಿಂತನೆ ಇಂಧನದ ಸುತ್ತಲೇ ಇತ್ತು.

ಆ ಕೇಂದ್ರದಲ್ಲಿ ಲೋಕ್ರಸ್, ಜಗದೀಶ್ ಮೊದಲಾದವರು 1980ರ ದಶಕದ ಆದಿಯಲ್ಲಿ ರೂಪಿಸಿದ್ದೇ ಅಸ್ತ್ರ ಒಲೆ. ಉರಿ ನಾಲ್ಕು ಗೋಡೆಗಳೊಳಗೆ. ಕೆಳಗೆ ಜಾಲರಿ, ಅದರ ಮೂಲಕ ಗಾಳಿ. ಪಾತ್ರೆಗಳು ಕುಳಿಗಳಲ್ಲಿ ಬಿಗಿಯಾಗಿ ಕೂರುತ್ತವೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿ ಎರಡನೆಯದರ, ಮೂರನೆಯದರ ತಳವನ್ನೂ ಮುಟ್ಟಿಯೇ ಹೊಗೆಕೊಳವೆ ಸೇರಬೇಕು. ಹೀಗೆ ದಕ್ಕುವ ಪಾಲು ಮೂವತ್ತನ್ನೂ ಮೀರಿತು. ಆದರೆ ಅಳತೆ ತಪ್ಪಬಾರದು: ಗಾರೆಯವನು ದೊಡ್ಡ ಸೌದೆ ಹಿಡಿಯಲೆಂದು ಬಾಯಿಯನ್ನು ಅಗಲ ಮಾಡಿದರೆ ತಣ್ಣನೆಯ ಗಾಳಿ ನುಗ್ಗಿ ಲಾಭವೆಲ್ಲ ಹೋದೀತು. ಇಂಥ ಒಲೆಯುಳ್ಳ ಮನೆಯವರು ಮಳೆ ಹಿಡಿಯುವ ಮೊದಲೇ ಕೊಳವೆಯ ಮಸಿ ತೆಗೆಸಿರಿ. ಕಟ್ಟಿಕೊಂಡರೆ ಹೊಗೆ ಮತ್ತೆ ಅಡಿಗೆಮನೆಗೇ ತಿರುಗುವುದು.