ಬಾಲವೇ ತಂತಿ, ಬಾಲವೇ ಕಮಾನು

ವೀಣೆಯ ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ತುಂಡಿಗೆ ನಾವು ಕುದುರೆ ಅನ್ನುತ್ತೇವಲ್ಲ? ಅದು ಹೆಸರಿಗಷ್ಟೇ ಕುದುರೆ. ಮಂಗೋಲಿಯಾದಲ್ಲೊಂದು ವಾದ್ಯವಿದೆ, ಅದರಲ್ಲಿ ತಲೆಯಿಂದ ಬಾಲದವರೆಗೆ ನಿಜವಾದ ಕುದುರೆಯೇ ಬಂದು ಕೂತಿದೆ! ಹೆಸರು ಮೊರಿನ್ ಖೂರ್. ಮೊರಿ ಎಂದರೆ ಅಲ್ಲಿನವರ ಮಾತಿನಲ್ಲಿ ಕುದುರೆ. ದಂಡಿಯ ತುದಿಯಲ್ಲಿ ಕೆತ್ತಿದ ಕುದುರೆ ತಲೆ, ಅದರ ಕೆಳಗೆ ಕಿವಿಗಳ ಹಾಗೆ ಚಾಚಿದ ಎರಡು ಬಿರಡೆ. ಅಲ್ಲಿಂದ ಇಳಿದದ್ದು ಎರಡೇ ತಂತಿ. ತಂತಿಯೇ? ಕಣ್ಣಿಟ್ಟು ನೋಡಿದರೆ ಅದು ಕೂದಲು!

ದಪ್ಪ ತಂತಿಗೆ ಗಂಡು ಕುದುರೆಯ ಬಾಲದ 130 ಎಳೆ, ಸಣ್ಣದಕ್ಕೆ ಹೆಣ್ಣು ಕುದುರೆಯ ಬಾಲದ 105 ಎಳೆ. ಇದು ಹಳಬರ ಲೆಕ್ಕ. ಹಗ್ಗದಂತೆ ಹೊಸೆಯುವುದಿಲ್ಲ, ಎಳೆಗಳನ್ನು ಪಕ್ಕಪಕ್ಕ ಮಲಗಿಸಿ ಬಿಗಿಯುತ್ತಾರೆ, ಅಷ್ಟೇ. ಪಿಟೀಲಿನ ಕಮಾನಿಗೂ ಕುದುರೆ ಕೂದಲೇ, ಅದರಲ್ಲೇನು ಎನ್ನುತ್ತೀರಾ? ಪಿಟೀಲಿನಲ್ಲಿ ಕೂದಲು ಲೋಹವನ್ನು ಉಜ್ಜುತ್ತದೆ. ಇಲ್ಲಿ ಕೂದಲು ಕೂದಲನ್ನೇ ಉಜ್ಜುತ್ತದೆ! ಬರುವ ನಾದಕ್ಕೆ ಉಸಿರಿದೆ, ತುಸು ಗೊರಗೊರ ಇದೆ, ಬಯಲಿನಾಚೆಯಿಂದ ಕೆನೆತ ತೇಲಿಬಂದ ಹಾಗಿದೆ.

ಎಡಗೈ ನೋಡಿ. ತಂತಿಯನ್ನು ದಂಡಿಗೆ ಒತ್ತುವುದೇ ಇಲ್ಲ! ಬೆರಳು ಪಕ್ಕದಿಂದ ಬಂದು ಉಗುರಿನ ಬುಡದಿಂದ ತಂತಿಯನ್ನು ತಾಗುತ್ತದೆ. ಬಲಗೈ ಕಮಾನನ್ನು ಕೆಳಗಿನಿಂದ ಹಿಡಿದು, ಅದರ ಕೂದಲನ್ನು ಬೆರಳಲ್ಲೇ ಬಿಗಿ ಮಾಡುತ್ತ, ಸಡಿಲಿಸುತ್ತ ಓಡುತ್ತದೆ.

ಹಿಂದೆ ನಾದಪೆಟ್ಟಿಗೆಗೆ ಒಂಟೆ, ಆಡು, ಕುರಿಗಳ ಚರ್ಮ ಹೊದಿಸುತ್ತಿದ್ದರು. ಕಳೆದ ಶತಮಾನದಲ್ಲಿ ಮರದ ಹಲಗೆ ಬಂತು. ಈಗ ನೈಲಾನ್ ಎಳೆಗಳೂ ಬಂದಿವೆ. ಇರಲಿ ಬಿಡಿ, ನನ್ನ ಒಲವು ಬಾಲದ ಕಡೆಗೇ. ಹುಟ್ಟಿನ ಕಥೆಯೂ ಅತ್ತಲೇ ಎಳೆಯುತ್ತದೆ: ನಮ್ಜಿಲ್ ಎಂಬವನ ರೆಕ್ಕೆಯ ಕುದುರೆಯ ರೆಕ್ಕೆಗಳನ್ನು ಹೊಟ್ಟೆಕಿಚ್ಚಿನ ಹೆಣ್ಣೊಬ್ಬಳು ಕತ್ತರಿಸಿದಳಂತೆ. ಸತ್ತ ಕುದುರೆಯ ಅಗಲಿಕೆ ತಾಳದೆ ಅವನು ಅದರಿಂದಲೇ ಈ ವಾದ್ಯ ಮಾಡಿದನಂತೆ.

ಅದು ಕಥೆ. ಇದು ಕಥೆಯಲ್ಲ: ಗೋಬಿ ಮರುಭೂಮಿಯಲ್ಲಿ ಒಮ್ಮೊಮ್ಮೆ ಹೆತ್ತ ಒಂಟೆ ಮರಿಯನ್ನು ಹತ್ತಿರ ಸೇರಿಸದೆ ಒದೆಯುತ್ತದೆ. ಆಗ ದನಗಾಹಿಗಳು ಕರೆಸುವುದು ಖೂರ್ ನುಡಿಸುವವನನ್ನು! 2003ರ ‘ಅಳುವ ಒಂಟೆಯ ಕಥೆ’ ಸಾಕ್ಷ್ಯಚಿತ್ರದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಮೊದಲು ವಾದ್ಯವನ್ನು ಒಂಟೆಯ ಡುಬ್ಬಕ್ಕೆ ತೂಗುಹಾಕುತ್ತಾರೆ. ಯಾರೂ ಮುಟ್ಟಿಲ್ಲ, ಗಾಳಿಗೇ ಅದು ಗುಂಯ್ ಎನ್ನುತ್ತದೆ. ಆಮೇಲೆ ಕಮಾನು ಓಡುತ್ತದೆ, ಹೆಂಗಸು ಒಂಟೆಯ ಮೈ ಸವರುತ್ತ ಒಂದೇ ಎಳೆಯಲ್ಲಿ ಹಾಡುತ್ತಾಳೆ. ಒಂಟೆಯ ಕಣ್ಣಲ್ಲಿ ನೀರು! ಮರಿ ಕೆಚ್ಚಲಿಗೆ ಬಾಯಿ ಹಾಕುತ್ತದೆ, ತಾಯಿ ಒದೆಯುವುದಿಲ್ಲ.

ಯುನೆಸ್ಕೊ ಈ ಪದ್ಧತಿಯನ್ನು 2015ರಲ್ಲಿ ತುರ್ತಾಗಿ ಕಾಪಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಖೂರ್ ಸಂಗೀತ 2008ರಲ್ಲೇ ಮನುಕುಲದ ಪರಂಪರೆಯ ಪಟ್ಟಿಯಲ್ಲಿತ್ತು.

ಕೇಳುವುದಿದ್ದರೆ ಮೊಬೈಲಿನ ಸ್ಪೀಕರಿನಲ್ಲಿ ಬೇಡ, ದಪ್ಪ ತಂತಿಯ ಗೊರಗೊರ ಅದರಲ್ಲಿ ಸತ್ತೇ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.