ಉಂಗುರಗಳಲ್ಲಿ ಅಡಗಿದ ಅಣುವಿನ ರೂಪ

ಮಾಗಿಯ ಮುಂಜಾನೆ, ಇನ್ನೂ ಕತ್ತಲಿರುವಾಗಲೇ, ಕೋಲಾರದಿಂದ ಮುಳಬಾಗಿಲಿಗೋ ಮಾಲೂರಿನಿಂದ ಶ್ರೀನಿವಾಸಪುರಕ್ಕೋ ಬಸ್ಸಿನಲ್ಲಿ ಹೊರಟಿದ್ದೀರಿ ಎನ್ನೋಣ. ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು, ಆ ಮಸುಕಿನ ಮೂಲಕ ದೂರದ ದೀಪವೊಂದನ್ನು ನೋಡಿರಿ. ದೀಪದ ಸುತ್ತ ಬಣ್ಣದ ಉಂಗುರಗಳು ತೋರುತ್ತವೆ. ಗಾಜಿಗಂಟಿದ ನೀರಿನ ಸಣ್ಣ ಹನಿಗಳು ಬೆಳಕಿನ ಅಲೆಗಳನ್ನು ಬಾಗಿಸಿದ್ದರ ಫಲವಿದು. ಇದಕ್ಕೆ ವಿವರ್ತನೆ ಎಂದು ಹೆಸರು. ಹನಿ ಸಣ್ಣದಾದಷ್ಟೂ ಉಂಗುರ ಹಿರಿದು. ಆದುದರಿಂದ ಹನಿಯನ್ನು ಮುಟ್ಟದೆಯೇ, ಉಂಗುರವನ್ನಳೆದು ಹನಿಯ ಗಾತ್ರವನ್ನು ಹೇಳಬಹುದು.

ಅನಿಲದ ಅಣುವಿನ ರಚನೆಯನ್ನು ತಿಳಿಯುವ ಉಪಾಯವೂ ಇಂಥದೇ. ಆದರೆ ಅಣುವಿನೊಳಗೆ ಪರಮಾಣುಗಳ ನಡುವಣ ಅಂತರ ಸುಮಾರು ಒಂದೆರಡು ಆಂಗ್‌ಸ್ಟ್ರಾಂ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲೇ ಒಂದು ಆಂಗ್‌ಸ್ಟ್ರಾಂ. ಕಣ್ಣಿಗೆ ಕಾಣುವ ಬೆಳಕಿನ ಅಲೆ ಅದಕ್ಕಿಂತ ಸಾವಿರಾರು ಪಟ್ಟು ಉದ್ದ; ಅದರಿಂದ ಈ ಕೆಲಸ ಸಾಗದು. ಎಲೆಕ್ಟ್ರಾನಿಗೂ ಅಲೆಯ ಗುಣವುಂಟೆಂದು 1924ರಲ್ಲಿ ಲೂಯಿ ದ ಬ್ರಾಯ್ ಸೂಚಿಸಿದರು. 1927ರಲ್ಲಿ ಪ್ರಯೋಗಗಳು ಅದನ್ನು ದೃಢಪಡಿಸಿದವು. ನಲವತ್ತು ಸಾವಿರ ವೋಲ್ಟಿನ ಬಲದಿಂದ ಓಡುವ ಎಲೆಕ್ಟ್ರಾನಿನ ಅಲೆ ಪರಮಾಣುಗಳ ಅಂತರಕ್ಕಿಂತಲೂ ಬಹು ಚಿಕ್ಕದು.

1930ರಲ್ಲಿ ಜರ್ಮನಿಯಲ್ಲಿ ಹರ್ಮನ್ ಮಾರ್ಕ್ ಮತ್ತು ವೀರ್ಲ್ ಎಂಬವರು ನಿರ್ವಾತದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡಿನ ಆವಿಯ ಸಣ್ಣ ಧಾರೆಯನ್ನು ಹಾಯಿಸಿ, ಅದಕ್ಕೆ ಅಡ್ಡಲಾಗಿ ಎಲೆಕ್ಟ್ರಾನುಗಳನ್ನು ಬಿಟ್ಟರು. ಅಣುಗಳು ಎಲ್ಲ ದಿಕ್ಕಿಗೂ ಮುಖಮಾಡಿರುವುದರಿಂದ ಫೋಟೋ ಫಲಕದ ಮೇಲೆ ಚುಕ್ಕೆಗಳ ಬದಲು ಉಂಗುರಗಳು ಮೂಡಿದವು. ಇಂಥ ಉಂಗುರಗಳ ಲೆಕ್ಕದಿಂದ ದೊರೆಯುವ ಅಂತರಗಳು ಎರಡೇ: ಕಾರ್ಬನ್ನಿನಿಂದ ಕ್ಲೋರೀನಿಗೆ ಸುಮಾರು 1.77 ಆಂಗ್‌ಸ್ಟ್ರಾಂ, ಕ್ಲೋರೀನಿನಿಂದ ಕ್ಲೋರೀನಿಗೆ ಸುಮಾರು 2.89. ನಾಲ್ಕು ಕ್ಲೋರೀನುಗಳು ಚೌಕದ ಮೂಲೆಗಳಲ್ಲಿದ್ದರೆ ಅವುಗಳ ನಡುವೆ ಎರಡು ಬಗೆಯ ಅಂತರಗಳಿರಬೇಕಾಗಿತ್ತು. ಒಂದೇ ಇರುವುದರಿಂದ, ನಾಲ್ಕು ಮುಖದ ಘನಾಕೃತಿಯ ಮೂಲೆಗಳಲ್ಲಿ ಅವು ಕುಳಿತಿವೆ, ನಡುವೆ ಕಾರ್ಬನ್ ಇದೆ ಎಂದು ಸಿದ್ಧವಾಗುತ್ತದೆ.

ಈ ವಿದ್ಯೆಯಲ್ಲಿ ಪಳಗಿದವರೊಬ್ಬರು ನಮ್ಮ ನೆರೆಯ ಬೆಂಗಳೂರಿನವರೇ. 1934ರಲ್ಲಿ ಜನಿಸಿ, 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಸಿ. ಎನ್. ಆರ್. ರಾವ್ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಲಿವಿಂಗ್‌ಸ್ಟನ್ ಅವರ ಬಳಿ ಇದನ್ನು ಅಭ್ಯಾಸ ಮಾಡಿ, 1958ರಲ್ಲಿ ಡಾಕ್ಟರೇಟ್ ಗಳಿಸಿ, ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಗುರುಶಿಷ್ಯರು 1960ರಲ್ಲಿ ಮೀಥೈಲ್ ಅಜೈಡಿನ ರಚನೆಯನ್ನು ಪ್ರಕಟಿಸಿದರು. ಅದರ ಮೂರು ನೈಟ್ರೋಜನ್ನುಗಳ ನಡುವಣ ಎರಡು ಅಂತರಗಳು ಸಮನಲ್ಲವೆಂದು ಅದರಿಂದ ತಿಳಿಯಿತು.

ಈ ವಿಧಾನಕ್ಕೊಂದು ಮಿತಿಯುಂಟು. ದೊಡ್ಡ ಅಣುಗಳಲ್ಲಿ ಅಂತರಗಳು ಹಲವು. ಅವುಗಳ ಗುರುತುಗಳು ಒಂದರ ಮೇಲೊಂದು ಬಿದ್ದು ಲೆಕ್ಕ ತೊಡಕಾಗುತ್ತದೆ. ವಿಜ್ಞಾನಿ ಮೊದಲು ಒಂದು ರೂಪವನ್ನು ಊಹಿಸುತ್ತಾನೆ, ಅದು ಯಾವ ಉಂಗುರಗಳನ್ನು ಕೊಡಬೇಕೆಂದು ಗುಣಿಸುತ್ತಾನೆ, ಫಲಕದೊಡನೆ ಹೋಲಿಸುತ್ತಾನೆ. ಹೊಂದದಿದ್ದರೆ, ಎಷ್ಟು ಪ್ರಿಯವಾದ ಊಹೆಯನ್ನಾದರೂ ಬಿಟ್ಟುಕೊಡಬೇಕು. ಕಣ್ಣಿಗೆ ಕಾಣದ್ದನ್ನು ನಂಬುವುದಕ್ಕೆ ನಮಗಿರುವ ಆಧಾರ ಈ ಹೋಲಿಕೆಯೇ.