ತಾತ ಸೋತ ಲೆಕ್ಕ

ಕಳೆದ ವಾರ ಮೊಮ್ಮಗಳು ಶಾಲೆಯಿಂದ ಬಂದವಳೇ ದಾರ, ಕಲ್ಲು ಕೇಳಿದಳು. ಲೋಲಕ ಮಾಡಬೇಕಂತೆ.

"ತಾತ, ಸಣ್ಣ ಕಲ್ಲು ಬೇಗ ತೂಗುತ್ತೋ, ದೊಡ್ಡದೋ?"

"ದೊಡ್ಡದೇ. ಭಾರ ಇರುತ್ತಲ್ಲ!" ಪೇಪರಿನಿಂದ ತಲೆ ಎತ್ತದೆ ಹೇಳಿದೆ.

"ಮಿಸ್ಸು ಮಾಡಿ ನೋಡಿ ಅಂದಿದ್ದಾರೆ."

ಕಿಟಕಿಯ ಸರಳಿಗೆ ದಾರ ಕಟ್ಟಿದೆವು. ಗಂಟಿನಿಂದ ಕಲ್ಲಿನ ನಡುಭಾಗಕ್ಕೆ 1 ಮೀಟರ್. ತುಸುವೇ ಪಕ್ಕಕ್ಕೆಳೆದು ಬಿಟ್ಟಳು. ಹೋಗಿ ಬಂದರೆ ಒಂದು ಲೆಕ್ಕ. ಹತ್ತಕ್ಕೆ 20 ಸೆಕೆಂಡು. ಕಲ್ಲು ಬಿಚ್ಚಿ ಗೇಟಿನ ದಪ್ಪ ಬೀಗ ಕಟ್ಟಿದೆವು, ಅಳತೆ ಅಷ್ಟೇ. ಆಗಲೂ 20! ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದೆ. ಅಷ್ಟೇ ಬಂತು.

ಭಾರವಾದದ್ದನ್ನು ಭೂಮಿ ಹೆಚ್ಚು ಬಲದಿಂದ ಎಳೆಯುತ್ತದೆ, ನಿಜ. ಆದರೆ ಅದನ್ನು ಅಲುಗಿಸಲು ಅಷ್ಟೇ ಹೆಚ್ಚು ಬಲವೂ ಬೇಕು. ಹಾಗಾಗಿ ಎರಡೂ ಸಮ.

ಆಮೇಲೆ ದಾರವನ್ನು ಅರ್ಧ ಮಾಡಿದಳು. "ಹಾಗಾದರೆ 10 ಸೆಕೆಂಡು" ಎಂದೆ. ಮತ್ತೆ ಸೋತೆ, ಬಂದದ್ದು 14! ಕಾಲು ಮೀಟರಿಗೆ ಇಳಿಸಿದಾಗಲೇ 10. ಸಮಯ ಅರ್ಧವಾಗಬೇಕಾದರೆ ಉದ್ದ ಕಾಲು ಭಾಗವಾಗಬೇಕು. ಗೆಲಿಲಿಯೋ ಕಂಡುಕೊಂಡ ಲೋಲಕದ ಗುಣವನ್ನೇ ಬಳಸಿ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದ. ನಾನೂ ಶಾಲೆಯಲ್ಲಿ ಈ ಸೂತ್ರವನ್ನು ಬಾಯಿಪಾಠ ಮಾಡಿದ್ದೆ. ದಾರ ಮಾತ್ರ ಮುಟ್ಟಿರಲಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಎಣಿಸದೆ ಒಂದು ನೋಟನ್ನೂ ಕೊಟ್ಟವನಲ್ಲ ನಾನು. ಮೊಮ್ಮಗಳಿಗೆ ಮಾತ್ರ ಎಣಿಸದೆಯೇ ಉತ್ತರ ಕೊಟ್ಟುಬಿಟ್ಟಿದ್ದೆ!

ಮಕ್ಕಳೇ, ಇವತ್ತು ನಿಮ್ಮ ತಾತ, ಅಜ್ಜಿಯನ್ನೂ ಇದೇ ಪ್ರಶ್ನೆ ಕೇಳಿ. ಅವರು ಏನೇ ಹೇಳಲಿ, ದಾರವನ್ನು ಅವರ ಕೈಗೇ ಕೊಡಿ.